ದಪ್ಪ ಅಂತ ಯಾರಿಗೆ ಹೇಳಬೇಕು?

ಹೆಡ್‌ಫೋನ್ ಮರೆತು ಕ್ಯಾಬ್ ಹತ್ತಿದವರಿಗೆ, ಮೀಟಿಂಗ್ ನಡುವೆ ಕದ್ದು ಓದೋರಿಗೆ, ಇದು ಈ ವಾರದ ಮಾತಿನ ಬರಹ ರೂಪ. ಮಾತಾಡುವಾಗ ಬಿಟ್ಟುಹೋದ ಒಂದೆರಡು ವಿಷಯಗಳನ್ನೂ ಸೇರಿಸಿದ್ದೀನಿ.

ಊರಿಗೆ ಹೋದಾಗ ಏನಾಗುತ್ತೆ ಅಂತ ನಿಮಗೆಲ್ಲ ಗೊತ್ತು. ಪುಣೆಯಲ್ಲಿ ಬಸ್ ಹತ್ತಿ, ರಾತ್ರಿಯೆಲ್ಲ ಸೊಂಟ ನೋಯಿಸಿಕೊಂಡು ದಾವಣಗೆರೆಯಲ್ಲಿ ಇಳಿದು, ಬಾಗಿಲಲ್ಲಿ ಚಪ್ಪಲಿ ಬಿಡೋಕೆ ಮುಂಚೆನೇ ಸೋದರತ್ತೆ "ಏನೋ, ಇಷ್ಟು ದಪ್ಪ ಆಗಿದೀಯಾ!" ಅಂತಾರೆ. ಹತ್ತು ನಿಮಿಷ ಬಿಟ್ಟು ಅದೇ ಅತ್ತೆ "ಇನ್ನೊಂದು ಹೋಳಿಗೆ ಹಾಕಿಸ್ಕೋ, ತುಪ್ಪ ಬೇಡ ಅನ್ಬೇಡ" ಅಂತಾರೆ. ನೇರ ಮಾತಿಗೆ ನಮ್ಮಲ್ಲಿ ಬರ ಇಲ್ಲ. ಪ್ರಶ್ನೆ ಏನಂದ್ರೆ, ಸರ್ಕಾರವೂ ಅತ್ತೆಯ ಥರ ಮಾತಾಡಬೇಕಾ? ಬೊಜ್ಜಿನ ವಿಷಯದಲ್ಲಿ ಆರೋಗ್ಯ ಇಲಾಖೆ ಮುಖಕ್ಕೆ ಹೊಡೆದ ಹಾಗೆ ಹೇಳಿದರೆ ಜನ ಎಚ್ಚೆತ್ತುಕೊಳ್ತಾರಾ? ಇದನ್ನ ಎರಡು ದೇಶಗಳು ಹೆಚ್ಚು ಕಡಿಮೆ ಒಂದೇ ಸಮಯದಲ್ಲಿ, ಬೇರೆ ಬೇರೆ ದಾರಿಯಲ್ಲಿ ಪರೀಕ್ಷೆ ಮಾಡಿ ನೋಡಿದವು.

ಮೊದಲು ಬ್ರಿಟನ್. 2007ರಲ್ಲಿ ಅಲ್ಲಿನ ಸರ್ಕಾರದ ಫೋರ್‌ಸೈಟ್ ತಂಡ ಬೊಜ್ಜಿನ ಬಗ್ಗೆ ದೊಡ್ಡ ವರದಿಯೊಂದನ್ನ ಕೊಟ್ಟಿತು. ಅದರಲ್ಲಿ ಒಂದು ನಕ್ಷೆ ಇದೆ. ಮನುಷ್ಯ ಯಾಕೆ ದಪ್ಪ ಆಗ್ತಾನೆ ಅನ್ನೋದಕ್ಕೆ ನೂರಕ್ಕೂ ಹೆಚ್ಚು ಕಾರಣಗಳು, ಒಂದರಿಂದ ಇನ್ನೊಂದಕ್ಕೆ ಬಾಣಗಳು. ನಾನು ಅದನ್ನ ಮೊದಲ ಸಲ ನೋಡಿದಾಗ ನಮ್ಮ ಆಫೀಸಿನ ಮೈಕ್ರೋಸರ್ವಿಸ್ ಡಯಾಗ್ರಾಮ್ ನೆನಪಾಯ್ತು. ಯಾವುದನ್ನ ಮುಟ್ಟಿದರೆ ಯಾವುದು ಬೀಳುತ್ತೆ ಅಂತ ಬರೆದವನಿಗೂ ಗೊತ್ತಿಲ್ಲ. ಊಟ, ವ್ಯಾಯಾಮ ಮಾತ್ರ ಅಲ್ಲ, ರಸ್ತೆಯ ವಿನ್ಯಾಸ, ಟಿವಿ ಜಾಹೀರಾತು, ತಾಯಿಯ ಗರ್ಭದಲ್ಲಿದ್ದಾಗಿನ ಪೋಷಣೆ, ಕೆಲಸದ ಒತ್ತಡ, ಎಲ್ಲವೂ ಅದರಲ್ಲಿದೆ.

ಈ ವರದಿಯ ನಂತರ, 2009ರ ಜನವರಿಯಲ್ಲಿ 'ಚೇಂಜ್ ಫಾರ್ ಲೈಫ್' ಅನ್ನೋ ಅಭಿಯಾನ ಶುರುವಾಯ್ತು. 'ವಾಲೆಸ್ ಅಂಡ್ ಗ್ರೊಮಿಟ್' ಮಾಡಿದ ಆರ್ಡ್‌ಮನ್ ಸ್ಟುಡಿಯೋದವರು ಬಣ್ಣಬಣ್ಣದ ಪುಟ್ಟ ಬೊಂಬೆಗಳನ್ನ ಮಾಡಿಕೊಟ್ಟರು. ಬೊಂಬೆಗೆ ಹೆಣ್ಣು ಗಂಡು ಇಲ್ಲ, ಜಾತಿ ಬಣ್ಣ ಇಲ್ಲ, ದಪ್ಪ ತೆಳ್ಳಗೆ ಅನ್ನೋದೂ ಇಲ್ಲ. 'ಬೊಜ್ಜು' ಅನ್ನೋ ಪದವನ್ನ ಬೇಕಂತಲೇ ದೂರ ಇಟ್ಟಿದ್ದರು. ಆ ಪದ ಕೇಳಿದ ತಕ್ಷಣ ತಂದೆತಾಯಿ "ಇದು ನಮ್ಮ ಮಗೂಗಲ್ಲ" ಅಂದುಕೊಂಡು ಚಾನೆಲ್ ಬದಲಾಯಿಸ್ತಾರೆ ಅನ್ನೋ ಲೆಕ್ಕಾಚಾರ.

2010ರಲ್ಲಿ ಸರ್ಕಾರ ಬದಲಾಯ್ತು. ಜುಲೈ ತಿಂಗಳಲ್ಲಿ ಹೊಸ ಸರ್ಕಾರದ ಸಾರ್ವಜನಿಕ ಆರೋಗ್ಯ ಸಚಿವೆ ಆನ್ ಮಿಲ್ಟನ್ ಬಿಬಿಸಿಗೆ ಒಂದು ಮಾತು ಹೇಳಿದರು. ವೈದ್ಯರು 'ಒಬೀಸ್' ಅನ್ನೋ ವೈದ್ಯಕೀಯ ಪದ ಬಿಟ್ಟು ನೇರವಾಗಿ 'ಫ್ಯಾಟ್' ಅನ್ನಬೇಕು, ಆಗಲೇ ಜನ ಸ್ವಂತ ಜವಾಬ್ದಾರಿ ತಗೋತಾರೆ ಅಂತ. ಆಕೆ ಮೊದಲು ನರ್ಸ್ ಆಗಿದ್ದವರು, ಆಸ್ಪತ್ರೆ ಕಂಡವರು. ಹಾಗಾಗಿ ಆ ಮಾತನ್ನ ಸುಮ್ಮನೆ ತಳ್ಳಿಹಾಕೋ ಹಾಗಿಲ್ಲ. ಆದರೆ ಅದೇ ತಿಂಗಳು ಅದೇ ಇಲಾಖೆಯ ಹಿರಿಯ ಸಚಿವ ಆಂಡ್ರ್ಯೂ ಲ್ಯಾನ್ಸ್‌ಲಿ ಇನ್ನೊಂದು ಘೋಷಣೆ ಮಾಡಿದರು. ಚೇಂಜ್ ಫಾರ್ ಲೈಫ್‌ಗೆ ಸರ್ಕಾರದ ದುಡ್ಡು ಕಡಿಮೆ ಮಾಡ್ತೀವಿ, ಆಹಾರ ಕಂಪನಿಗಳು ಹೆಚ್ಚು ಹಾಕಲಿ ಅಂತ. ಮರುವರ್ಷ ಕಂಪನಿಗಳ ಜೊತೆ ಒಪ್ಪಂದವೂ ಆಯ್ತು, ಕಾನೂನಿನ ಬಲ ಇಲ್ಲದ, ಸ್ವಯಂಪ್ರೇರಿತ ಭರವಸೆಗಳ ಒಪ್ಪಂದ. ಇದನ್ನ ಅಕ್ಕಪಕ್ಕ ಇಟ್ಟು ನೋಡಿ. ಕ್ಲಿನಿಕ್‌ನಲ್ಲಿ ಕೂತ ಒಬ್ಬಂಟಿ ರೋಗಿಗೆ ನೇರ ಮಾತು, ತಂಪು ಪಾನೀಯ ಮಾರೋನಿಗೆ ವಿನಂತಿ.

ಈಗ ನ್ಯೂಯಾರ್ಕ್. ಅಲ್ಲಿನ ನಗರ ಆರೋಗ್ಯ ಇಲಾಖೆ 2009ರಲ್ಲೇ ಉಲ್ಟಾ ದಾರಿ ಹಿಡಿಯಿತು. ಸಬ್‌ವೇ ರೈಲಿನ ಪೋಸ್ಟರ್‌ನಲ್ಲಿ ಸೋಡಾ ಬಾಟಲಿಯಿಂದ ಲೋಟಕ್ಕೆ ಸುರಿದದ್ದು ಹಳದಿ ಕೊಬ್ಬಾಗಿ, ರಕ್ತನಾಳದ ಸಮೇತ ಗಡ್ಡೆಗಟ್ಟಿ ನಿಂತಿದೆ. ಜೊತೆಗೆ ಬಂದ ವಿಡಿಯೋದಲ್ಲಿ ಒಬ್ಬ ಆ ಕೊಬ್ಬನ್ನ ಗಟಗಟ ಕುಡಿದು ಬಾಯಿ ಒರೆಸಿಕೊಳ್ತಾನೆ. ನೋಡಿದರೆ ಹೊಟ್ಟೆ ತೊಳೆಸುತ್ತೆ. ದಿನಕ್ಕೊಂದು ಕ್ಯಾನ್ ಸೋಡಾ ಕುಡಿದರೆ ವರ್ಷಕ್ಕೆ 10 ಪೌಂಡ್, ಅಂದ್ರೆ ನಾಲ್ಕೂವರೆ ಕೆಜಿ ದಪ್ಪ ಆಗಬಹುದು ಅಂತ ಅದರ ಹೇಳಿಕೆ.

ಇಲ್ಲಿ ಸ್ವಲ್ಪ ನಿಲ್ಲೋಣ. 2010ರ ಅಕ್ಟೋಬರ್‌ನಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ಆ ಇಲಾಖೆಯ ಒಳಗಿನ ಇಮೇಲ್‌ಗಳನ್ನ ಹೊರಗೆ ತಂದಿತು. ಇಲಾಖೆಯ ಸ್ವಂತ ಪೌಷ್ಟಿಕಾಂಶ ತಜ್ಞರೇ "ಇದು ಇಷ್ಟು ಸರಳ ಅಲ್ಲ, ಮನುಷ್ಯ ಬೇರೆ ಏನು ತಿಂತಾನೆ, ಎಷ್ಟು ಓಡಾಡ್ತಾನೆ ಅನ್ನೋದರ ಮೇಲಿದೆ" ಅನ್ನೋ ಅರ್ಥದಲ್ಲಿ ತಕರಾರು ಎತ್ತಿದ್ದರು. ಆಯುಕ್ತ ಥಾಮಸ್ ಫಾರ್ಲಿ ಅದನ್ನ ಪಕ್ಕಕ್ಕಿಟ್ಟು ಮುಂದೆ ಹೋದರು. ನಮ್ಮಂಥ ಎಂಜಿನಿಯರ್‌ಗಳಿಗೆ ತಪ್ಪು ಎಲ್ಲಿದೆ ಅಂತ ಬೇಗ ಗೊತ್ತಾಗುತ್ತೆ. ದಿನಕ್ಕೆ ಇಷ್ಟು ಕ್ಯಾಲೊರಿ, ಇಂಟು 365, ಭಾಗಿಸು 3,500. ನೇರ ಗೆರೆ. ಆದರೆ ದೇಹ ಒಂದು ಫೀಡ್‌ಬ್ಯಾಕ್ ವ್ಯವಸ್ಥೆ. ತೂಕ ಹೆಚ್ಚಿದಂತೆ ಅದನ್ನ ಹೊತ್ತು ತಿರುಗೋಕೆ ಬೇಕಾದ ಶಕ್ತಿಯೂ ಹೆಚ್ಚುತ್ತೆ, ಗೆರೆ ಮೆಲ್ಲಗೆ ಬಾಗುತ್ತೆ. ಸಕ್ಕರೆ ನೀರು ಕೆಟ್ಟದ್ದು ಅನ್ನೋದು ನಿಜ. ನಿಜವನ್ನ ಹೇಳೋಕೆ ಯಾಕೆ ಉಬ್ಬಿಸಿದ ಲೆಕ್ಕ ಬೇಕಿತ್ತು?

2012ರಲ್ಲಿ ಅದೇ ಇಲಾಖೆ ಇನ್ನೂ ಮುಂದೆ ಹೋಯ್ತು. ದೊಡ್ಡ ಲೋಟದ ಸೋಡಾಗಳ ಹಿಂದೆ ಒಬ್ಬ ದಪ್ಪ ಮನುಷ್ಯ, ಮಧುಮೇಹದಿಂದ ಕಾಲು ಕಳೆದುಕೊಂಡವನು. ಆ ಮನುಷ್ಯನಿಗೆ ಎರಡೂ ಕಾಲಿತ್ತು, ಒಂದನ್ನ ಕಂಪ್ಯೂಟರ್‌ನಲ್ಲಿ ಅಳಿಸಿದ್ದರು ಅಂತ ಮತ್ತೆ ಪತ್ರಿಕೆಯಲ್ಲಿ ಬಂತು. ಅದಾದ ಮೇಲೆ ಜನ ಮಾತಾಡಿದ್ದು ಮಧುಮೇಹದ ಬಗ್ಗೆ ಅಲ್ಲ, ಫೋಟೋಶಾಪ್ ಬಗ್ಗೆ.

ಜಾರ್ಜಿಯಾ ರಾಜ್ಯದ ಕಥೆ ಇನ್ನೂ ಬೇಸರದ್ದು. 2011ರಲ್ಲಿ ಅಟ್ಲಾಂಟಾದ ಮಕ್ಕಳ ಆಸ್ಪತ್ರೆಯೊಂದು ದಪ್ಪ ಮಕ್ಕಳ ಕಪ್ಪು ಬಿಳುಪು ಫೋಟೋಗಳನ್ನ ರಸ್ತೆ ಬದಿಯ ಫಲಕಗಳಿಗೆ ಏರಿಸಿತು. ಕೆಳಗೆ ಕೆಂಪು ಅಕ್ಷರದಲ್ಲಿ 'ಎಚ್ಚರಿಕೆ'. ಅವರ ವಾದಕ್ಕೂ ಆಧಾರ ಇತ್ತು. ತೂಕ ಹೆಚ್ಚಿರುವ ಮಕ್ಕಳ ತಂದೆತಾಯಿಗಳಲ್ಲಿ ಬಹುಪಾಲು ಜನರಿಗೆ ಅದು ಸಮಸ್ಯೆ ಅಂತಲೇ ಅನ್ನಿಸಿಲ್ಲ, ಎಬ್ಬಿಸಲೇಬೇಕು ಅಂತ. ಎಬ್ಬಿಸಬೇಕಾದದ್ದು ದೊಡ್ಡವರನ್ನ, ಆದರೆ ಫಲಕದ ಮೇಲೆ ನಿಂತದ್ದು ಹುಡುಗಿ. ಮಾರನೇ ದಿನ ಅಂಥ ಮೈಕಟ್ಟಿನ ಮಗು ಶಾಲೆಗೆ ಹೋದಾಗ ಏನಾಗಿರುತ್ತೆ ಅಂತ ಊಹಿಸೋಕೆ ಸಂಶೋಧನೆ ಬೇಕಿಲ್ಲ. ಗಲಾಟೆ ಜೋರಾದ ಮೇಲೆ ಅಭಿಯಾನದ ಧಾಟಿ ಬದಲಾಯ್ತು.

"ಸಿಗರೇಟಿಗೆ ನೇರ ಮಾತು ಕೆಲಸ ಮಾಡಿತಲ್ಲ?" ಅಂತ ಕಾಮೆಂಟಲ್ಲಿ ಕೇಳ್ತೀರಿ, ಗೊತ್ತು. ಥಿಯೇಟರ್‌ನಲ್ಲಿ ಸಿನಿಮಾಕ್ಕೆ ಮುಂಚೆ ಬರೋ ಮುಕೇಶನನ್ನ ನಾವ್ಯಾರೂ ಮರೆತಿಲ್ಲ. 2016ರಿಂದ ನಮ್ಮ ದೇಶದ ಪ್ಯಾಕೆಟ್ ಮೇಲೆ 85 ಶೇಕಡಾ ಜಾಗ ಎಚ್ಚರಿಕೆಗೇ. ಆದರೆ ಸಿಗರೇಟು ಜೇಬಿನಲ್ಲಿರೋ ವಸ್ತು. ಎಸೆದು ಮುಂದೆ ನಡೆಯಬಹುದು. ಬೈದದ್ದು ಬೀಡಿಗೆ ತಾಗುತ್ತೆ. ಮೈಯನ್ನ ಬೈದರೆ ಅದು ಯಾರಿಗೆ ತಾಗಬೇಕು? ಲಂಡನ್ ಯೂನಿವರ್ಸಿಟಿ ಕಾಲೇಜಿನವರು 2014ರಲ್ಲಿ 2,944 ವಯಸ್ಕರ ನಾಲ್ಕು ವರ್ಷದ ಮಾಹಿತಿ ನೋಡಿದರು. ತೂಕದ ಕಾರಣಕ್ಕೆ ಅವಮಾನ ಅನುಭವಿಸಿದವರು ಸರಾಸರಿ ಒಂದು ಕೆಜಿಯಷ್ಟು ಏರಿದ್ದರು, ಉಳಿದವರು ಸ್ವಲ್ಪ ಇಳಿದಿದ್ದರು. ಇದರಿಂದ ಅವಮಾನವೇ ಕಾರಣ ಅಂತ ಸಾಬೀತಾಗಲ್ಲ. ಆದರೆ ಅವಮಾನ ತೂಕ ಇಳಿಸುತ್ತೆ ಅನ್ನೋರಿಗೆ ಇದರಲ್ಲಿ ಏನೂ ಸಿಗಲ್ಲ.

ನನಗೆ ಈ ವಿಷಯ ಬರೀ ಓದಿನದ್ದಲ್ಲ. ನಮ್ಮಪ್ಪ ನಿವೃತ್ತ ಹೈಸ್ಕೂಲ್ ಮೇಷ್ಟ್ರು. ತೂಕ 57 ಕೆಜಿ, ಸೈಕಲ್ ಬಿಟ್ಟು ಬೇರೆ ಗಾಡಿ ಮುಟ್ಟಿದವರಲ್ಲ. ಊರಿನ ಒಂದು ಆಸ್ಪತ್ರೆಯಲ್ಲಿ ಮಧುಮೇಹದ ಪೋಸ್ಟರ್ ಇತ್ತು. ಡೊಳ್ಳು ಹೊಟ್ಟೆಯ ಮನುಷ್ಯ, ಕೈಯಲ್ಲಿ ಜಿಲೇಬಿ. ಟೆಸ್ಟ್ ಮಾಡಿಸಿ ಅಂದಾಗಲೆಲ್ಲ ಅಪ್ಪ "ಅದು ಅಂಥೋರ ಕಾಯ್ಲೆ ಕಣೋ" ಅಂತ ನಗ್ತಿದ್ದರು. ಕಾಲಿನ ಗಾಯ ಎರಡು ತಿಂಗಳು ಮಾಯದೆ ಇದ್ದಾಗ ಗೊತ್ತಾಯ್ತು. ಎಡಗಾಲಿನ ಎರಡು ಬೆರಳು ಹೋದವು. ಫೋಟೋಶಾಪ್ ಅಲ್ಲ.

ಇದಕ್ಕೆ ಉತ್ತರ ನಾನಿರೋ ಪುಣೆಯಲ್ಲೇ ಇತ್ತು. ಇಲ್ಲಿನ ಕೆಇಎಂ ಆಸ್ಪತ್ರೆಯ ಡಾ. ಚಿತ್ತರಂಜನ್ ಯಾಜ್ಞಿಕ್ 1990ರ ದಶಕದಿಂದ ಹಳ್ಳಿಯ ಗರ್ಭಿಣಿಯರು, ಶಿಶುಗಳ ಅಧ್ಯಯನ ಮಾಡಿದವರು. ನಮ್ಮ ಮಕ್ಕಳು ಹುಟ್ಟುವಾಗಲೇ ಸಣ್ಣ, ಆದರೆ ಒಳಗೆ ಕೊಬ್ಬಿನ ಪಾಲು ಜಾಸ್ತಿ. 2004ರಲ್ಲಿ ಅವರು ಮತ್ತು ಲಂಡನ್ನಿನ ಜಾನ್ ಯುಡ್ಕಿನ್ ತಮ್ಮದೇ ಫೋಟೋವನ್ನ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಹಾಕಿದರು. ಇಬ್ಬರ ಬಿಎಂಐ ಒಂದೇ, 22.3. ಯುಡ್ಕಿನ್ ಮೈಯಲ್ಲಿ ಕೊಬ್ಬು ಶೇ 9.1, ಯಾಜ್ಞಿಕರ ಮೈಯಲ್ಲಿ ಶೇ 21.2. ಯುಡ್ಕಿನ್ ಮ್ಯಾರಥಾನ್ ಓಡ್ತಾರೆ, ಯಾಜ್ಞಿಕ್ ಓಡೋದು ಆಸ್ಪತ್ರೆಯ ಲಿಫ್ಟ್ ಬಾಗಿಲು ಮುಚ್ಚೋಕೆ ಮುಂಚೆ ಒಳಗೆ ನುಗ್ಗೋಕೆ ಅಂತ ಅವರೇ ತಮಾಷೆ ಮಾಡಿಕೊಂಡಿದ್ದಾರೆ. ನಮ್ಮಲ್ಲಿ ಎಷ್ಟು ಜನರ ವ್ಯಾಯಾಮ ಅಷ್ಟೇ, ಕೈ ಎತ್ತಿ. 2023ರ ಐಸಿಎಂಆರ್ ಅಧ್ಯಯನದ ಪ್ರಕಾರ ದೇಶದಲ್ಲಿ ಮಧುಮೇಹ ಇರೋರು 10 ಕೋಟಿಗೂ ಹೆಚ್ಚು. ಅವರಲ್ಲಿ ನಮ್ಮಪ್ಪನ ಥರದವರು ಬೇಕಾದಷ್ಟು ಜನ. ದಪ್ಪಗಿರೋನಿಗೆ ಚುಚ್ಚೋ ಪೋಸ್ಟರ್ ತೆಳ್ಳಗಿರೋನಿಗೆ ಸುಳ್ಳು ಸರ್ಟಿಫಿಕೇಟ್ ಕೊಡುತ್ತೆ. ಬಾಯಿಬಿಟ್ಟು ಏನೂ ಹೇಳದೆ ಕೊಡುತ್ತೆ.

ಹಾಗಂತ ನಾನು ಬೊಂಬೆಗಳ ಪಕ್ಷದವನಲ್ಲ. ನೇರ ಮಾತು ಬೇಕು, ಆದರೆ ವಸ್ತುವಿಗೆ. ಚಿಲಿ ದೇಶ 2016ರಲ್ಲಿ ಸಕ್ಕರೆ, ಉಪ್ಪು, ಕೊಬ್ಬು ಹೆಚ್ಚಿರೋ ಪೊಟ್ಟಣಗಳ ಮುಂಭಾಗದಲ್ಲಿ ಕಪ್ಪು ಎಂಟುಮೂಲೆಯ ಮುದ್ರೆ ಕಡ್ಡಾಯ ಮಾಡಿತು. ಸೀರಿಯಲ್ ಡಬ್ಬಿಯಿಂದ ಹುಲಿ ಬೊಂಬೆಯನ್ನೂ ಓಡಿಸಿತು. ಮುದ್ರೆ ಬೀಳುವಂಥ ಸಿಹಿ ಪಾನೀಯಗಳ ಖರೀದಿ ಸುಮಾರು ಕಾಲು ಭಾಗ ಇಳಿಯಿತು. ಬ್ರಿಟನ್ 2016ರಲ್ಲಿ ಸಕ್ಕರೆ ಪಾನೀಯಕ್ಕೆ ಸುಂಕ ಘೋಷಿಸಿತು, ಜಾರಿಗೆ ಬಂದದ್ದು 2018ರ ಏಪ್ರಿಲ್. ಏಪ್ರಿಲ್ ಬರೋಕೆ ಮುಂಚೆನೇ ಬಹಳಷ್ಟು ಕಂಪನಿಗಳು ಸಕ್ಕರೆ ಇಳಿಸಿಬಿಟ್ಟಿದ್ದವು. ಯಾರನ್ನೂ ದಪ್ಪ ಅನ್ನಬೇಕಾಗಿ ಬರಲಿಲ್ಲ.

ನಮ್ಮಲ್ಲಿ? 2025ರ ಫೆಬ್ರವರಿಯಲ್ಲಿ ಪ್ರಧಾನಿ ಅಡುಗೆ ಎಣ್ಣೆ ಶೇ 10 ಕಡಿಮೆ ಮಾಡಿ ಅಂತ ಹೇಳಿ, ಹತ್ತು ಜನರಿಗೆ ಸವಾಲು ಹಾಕಿದರು. ಅದರಲ್ಲಿ ನಮ್ಮ ನಂದನ್ ನಿಲೇಕಣಿ, ಸುಧಾ ಮೂರ್ತಿ ಇಬ್ಬರೂ ಇದ್ದರು. ಜುಲೈನಲ್ಲಿ ಸಮೋಸಕ್ಕೆ ಎಚ್ಚರಿಕೆ ಫಲಕ ಅಂತ ಸುದ್ದಿ ಹಬ್ಬಿ, ಹಾಗೇನಿಲ್ಲ ಅಂತ ಸರ್ಕಾರ ಸ್ಪಷ್ಟನೆ ಕೊಟ್ಟಿತು. ಪೊಟ್ಟಣದ ಮುಂಭಾಗಕ್ಕೆ 2022ರಲ್ಲಿ ಪ್ರಸ್ತಾಪಿಸಿದ್ದು ಎಚ್ಚರಿಕೆಯ ಮುದ್ರೆ ಅಲ್ಲ, ನಕ್ಷತ್ರಗಳು, ಹೋಟೆಲ್ ರೇಟಿಂಗ್ ಥರ. ಎಣ್ಣೆ ಕಡಿಮೆ ಮಾಡಬೇಕಾದದ್ದು ಅಮ್ಮ, ಸ್ಟಾರ್ ಸಿಗೋದು ಚಿಪ್ಸಿಗೆ.

ಅಪ್ಪ ಈಗ ಬಿಸ್ಕೆಟ್ ಪೊಟ್ಟಣ ತಂದ ಕೂಡಲೇ ಹಿಂಭಾಗ ತಿರುಗಿಸ್ತಾರೆ. ಅಕ್ಷರ ಇರುವೆಯಷ್ಟು ಸಣ್ಣ, ಅದೂ ಇಂಗ್ಲಿಷಿನಲ್ಲಿ. ಮೊಬೈಲ್‌ನಲ್ಲಿ ಫೋಟೋ ತೆಗೆದು ನನಗೆ ವಾಟ್ಸಾಪ್ ಮಾಡ್ತಾರೆ. ಸ್ಟ್ಯಾಂಡ್‌ಅಪ್ ಮೀಟಿಂಗ್ ನಡೀತಿರುವಾಗಲೇ ಬರುತ್ತೆ ಅದು: "ಇದ್ರಲ್ಲಿ ಸಕ್ಕರೆ ಎಷ್ಟಪ್ಪ?"