ಗೇರ್ ಇಳಿಸುವಾಗ ಗಾಡಿ ಜರ್ಕ್ ಹೊಡೆಯುತ್ತಿದೆಯೇ?

ಗೋರಂಟ್ಲ: ತೆಲುಗಿನವರು ಬಂಡಿ ಎನ್ನಲಿ, ಕನ್ನಡದವರು ಗಾಡಿ ಎನ್ನಲಿ, ಈ ಗಡಿ ಊರುಗಳಲ್ಲಿ ಬೈಕ್ ಇಲ್ಲದೆ ದಿನ ಸಾಗದು. ಹಿಂದೂಪುರದ ಮಾರುಕಟ್ಟೆಗೆ ರೇಷ್ಮೆಗೂಡು ಒಯ್ಯುವುದು, ಡೇರಿಗೆ ಹಾಲು ಹಾಕುವುದು, ಬಾಗೇಪಲ್ಲಿ ಕಡೆಯ ನೆಂಟರ ಮನೆಗೆ ಹೋಗುವುದು ಎಲ್ಲ ಅದರ ಮೇಲೆಯೇ. ಗೇರ್ ಏರಿಸುವುದನ್ನು ಹುಡುಗರು ಎರಡು ದಿನದಲ್ಲಿ ಕಲಿಯುತ್ತಾರೆ. ಇಳಿಸುವುದನ್ನು ಹೇಳಿಕೊಡುವವರೇ ಕಡಿಮೆ. ಬಿದ್ದು ಕೈಕಾಲು ಮುರಿದುಕೊಳ್ಳುವ ಸಾಧ್ಯತೆ ಹೆಚ್ಚಿರುವುದು ಇಳಿಸುವಾಗಲೇ.

ಕಾರಣ ಸರಳ. ಒಂದೇ ವೇಗದಲ್ಲಿ ಹೋಗುತ್ತಿದ್ದರೂ ಗೇರ್ ಇಳಿದಷ್ಟೂ ಇಂಜಿನ್ ಜೋರಾಗಿ ತಿರುಗಬೇಕು. ನಾಲ್ಕನೇ ಗೇರಿನಲ್ಲಿ ಇಂಜಿನ್ ನಿಮಿಷಕ್ಕೆ 4000 ಸುತ್ತು ತಿರುಗುತ್ತಿದೆ ಎಂದಿಟ್ಟುಕೊಳ್ಳಿ. ಅದೇ ವೇಗಕ್ಕೆ ಮೂರನೇ ಗೇರಿನಲ್ಲಿ ಸುಮಾರು 5000, ಎರಡನೆಯದರಲ್ಲಿ 7000ದ ಹತ್ತಿರ ತಿರುಗಬೇಕಾಗುತ್ತದೆ. ಇದು ಅಂದಾಜು ಲೆಕ್ಕ, ಗಾಡಿಯಿಂದ ಗಾಡಿಗೆ ಬದಲಾಗುತ್ತದೆ. ಕ್ಲಚ್ ಹಿಡಿದು ಆಕ್ಸಿಲರೇಟರ್ ಪೂರ್ತಿ ಬಿಟ್ಟರೆ ಇಂಜಿನ್ ನಿಧಾನವಾಗುತ್ತದೆ. ಆಗ ಗೇರ್ ಇಳಿಸಿ ಕ್ಲಚ್ಚನ್ನು ಫಟ್ಟನೆ ಬಿಟ್ಟರೆ, ಇಂಜಿನ್ನನ್ನು ಆ ವೇಗಕ್ಕೆ ಎಳೆದು ತರುವ ಕೆಲಸ ಹಿಂದಿನ ಚಕ್ರದ ಮೇಲೆ ಬೀಳುತ್ತದೆ. ಅದೇ ಜರ್ಕ್. ನೆಲ ಒಣಗಿದ್ದರೆ ಗಾಡಿ ಮುಗ್ಗರಿಸುತ್ತದೆ, ಅಷ್ಟೆ. ನೆಲ ಜಾರುವಂತಿದ್ದರೆ ಚಕ್ರವೇ ಜಾರುತ್ತದೆ.

ನಮ್ಮ ಕಡೆ ಜಾರುವ ನೆಲಕ್ಕೆ ಬರವೇ? ಸುಗ್ಗಿಯಲ್ಲಿ ರಾಗಿ ತೆನೆ, ಹುರುಳಿ ಗಿಡ ಡಾಂಬರು ರಸ್ತೆಗೇ ಒಕ್ಕಣೆಗೆ ಬರುತ್ತವೆ. ತಿರುವಿನಲ್ಲಿ ಮರಳು ಚೆಲ್ಲಿರುತ್ತದೆ. ಮೊದಲ ಮಳೆಗೆ ರಸ್ತೆಯ ಧೂಳು, ಎಣ್ಣೆ ಸೇರಿ ಸೋಪಿನಂತಾಗುತ್ತವೆ. ಎಬಿಎಸ್ ಇದೆ ಎಂದು ಧೈರ್ಯವಾಗಿರುವವರು ಒಂದು ಮಾತು ತಿಳಿದಿರಲಿ. 2019ರ ಏಪ್ರಿಲ್‌ನಿಂದ 125 ಸಿಸಿಗಿಂತ ದೊಡ್ಡ ಹೊಸ ಬೈಕುಗಳಿಗೆ ಎಬಿಎಸ್ ಕಡ್ಡಾಯವಾಯಿತು. ಆದರೆ ಅದು ಸಡಿಲಿಸುವುದು ಬ್ರೇಕಿನ ಒತ್ತಡವನ್ನು. ಇಂಜಿನ್ ಎಳೆತದಿಂದ ಚಕ್ರ ಕಚ್ಚಿಕೊಂಡರೆ ಅದೇನೂ ಮಾಡಲಾರದು. ಮೇಲಾಗಿ ಹಲವು ಬೈಕುಗಳಲ್ಲಿ ಎಬಿಎಸ್ ಇರುವುದು ಮುಂದಿನ ಚಕ್ರಕ್ಕೆ ಮಾತ್ರ.

ಸರಿಯಾದ ವಿಧಾನ ಹೀಗೆ. ಮೊದಲು ಎರಡೂ ಬ್ರೇಕ್ ಬಳಸಿ ವೇಗ ಕಡಿಮೆ ಮಾಡಿ. ವೇಗ ಇಳಿಸುವ ಕೆಲಸ ಬ್ರೇಕಿನದು, ಗೇರು ಅದರ ಹಿಂದೆ ಬರಬೇಕು. ನಂತರ ಕ್ಲಚ್ ಹಿಡಿದು ಒಂದೇ ಒಂದು ಗೇರ್ ಇಳಿಸಿ. ಕ್ಲಚ್ ಹಿಡಿದಿರುವಾಗಲೇ ಆಕ್ಸಿಲರೇಟರನ್ನು ಚೂರು ತಿರುಗಿಸಿ ಬಿಡಿ. ‘ವ್ರೂಂ’ ಎಂದು ಒಂದು ಸಣ್ಣ ಸದ್ದು ಬಂದರೆ ಸಾಕು. ಇಂಜಿನ್ ವೇಗವೂ ಚಕ್ರದ ವೇಗವೂ ಹತ್ತಿರ ಬರುತ್ತವೆ. ಆಗ ಕ್ಲಚ್ಚನ್ನು ಮೆಲ್ಲಗೆ ಬಿಡಿ. ಅದು ಕಚ್ಚಲು ಶುರುವಾಗುವ ಜಾಗದಲ್ಲಿ ಕೈ ಅರೆಕ್ಷಣ ನಿಲ್ಲಬೇಕು. ಆಮೇಲೆ ಮುಂದಿನ ಗೇರ್. ಮುಂದಿನ ಬ್ರೇಕ್ ಹಿಡಿದುಕೊಂಡೇ ಅದೇ ಕೈಯಲ್ಲಿ ಆಕ್ಸಿಲರೇಟರ್ ತಿರುಗಿಸುವುದು ಹೊಸಬರಿಗೆ ಕಷ್ಟ. ಅವರು ಆ ಭಾಗ ಬಿಟ್ಟು, ವೇಗ ಚೆನ್ನಾಗಿ ಇಳಿದ ಮೇಲೆ ಗೇರ್ ಬದಲಿಸಿ ಕ್ಲಚ್ ನಿಧಾನವಾಗಿ ಬಿಟ್ಟರೂ ಸಾಕು. ನಾಲ್ಕರಿಂದ ಒಂದಕ್ಕೆ ‘ಟಕಟಕ’ ಎಂದು ಇಳಿಸಿ ಒಮ್ಮೆಲೇ ಕ್ಲಚ್ ಬಿಡುವ ಚಟ ಮಾತ್ರ ಬೇಡ. ತಿರುವಿನಲ್ಲಾದರೆ ಗಾಡಿ ವಾಲುವ ಮೊದಲೇ ಇದೆಲ್ಲ ಮುಗಿದಿರಬೇಕು.

ಇನ್ನೊಂದು ಅಪಾಯ ಭಾವಮೈದುನನ ಬೈಕಿನಿಂದ ಬರುತ್ತದೆ. ಸ್ಪ್ಲೆಂಡರ್‌ನಲ್ಲಿ ಗೇರ್ ಲಿವರಿನ ಮುಂದಿನ ತುದಿ ಒತ್ತಿದರೆ ಗೇರ್ ಏರುತ್ತದೆ, ಹಿಮ್ಮಡಿಯಿಂದ ಹಿಂದಿನ ತುದಿ ಒತ್ತಿದರೆ ಇಳಿಯುತ್ತದೆ. ಪಲ್ಸರ್‌ನಂಥ ಬೈಕಿನಲ್ಲಿ ಉಲ್ಟಾ: ಒಂದನೆಯದು ಕೆಳಗೆ, ಉಳಿದವು ಮೇಲೆ. ಸ್ಪ್ಲೆಂಡರ್ ಕಾಲಿನವನು ಪಲ್ಸರ್ ಹತ್ತಿ ಹೆದ್ದಾರಿಯಲ್ಲಿ ಗೇರ್ ಏರಿಸಲೆಂದು ಮುಂದೆ ಒತ್ತಿದರೆ ಗೇರ್ ಇಳಿಯುತ್ತದೆ, ಹಿಂದಿನ ಚಕ್ರ ಕಚ್ಚುತ್ತದೆ. ಹಳೆಯ ಬುಲೆಟ್‌ನಲ್ಲಂತೂ ಗೇರ್ ಇದ್ದದ್ದೇ ಬಲಗಾಲಿಗೆ. ಬೇರೆಯವರ ಗಾಡಿ ತೆಗೆದುಕೊಂಡಾಗ ಊರೊಳಗೇ ಒಂದು ಸುತ್ತು ಹೊಡೆದು ಕಾಲಿಗೆ ರೂಢಿ ಮಾಡಿಕೊಂಡ ಮೇಲೆ ಹೆದ್ದಾರಿ ಹತ್ತಿ.

ಮೈಸೂರಿನಲ್ಲಿ 1996ರವರೆಗೆ ತಯಾರಾದ ಜಾವಾ, ಯೆಜ್ಡಿ ಗಾಡಿಗಳನ್ನು ಹಿರಿಯರು ಮರೆತಿರಲಾರರು. ಕಿಕ್ಕರ್ ಮತ್ತು ಗೇರ್ ಎರಡಕ್ಕೂ ಒಂದೇ ಲಿವರ್. ಜಾವಾದಲ್ಲಿ ಆ ಲಿವರ್ ಒತ್ತಿದರೆ ಕ್ಲಚ್ ತಾನೇ ಬಿಡುತ್ತಿತ್ತು. ಕಾಲನ್ನು ಮೆಲ್ಲಗೆ ಎತ್ತಿದರೆ ಗೇರ್ ಬೆಣ್ಣೆಯಂತೆ ಕೂರುತ್ತಿತ್ತು, ಥಟ್ಟನೆ ಎತ್ತಿದರೆ ಅಲ್ಲೂ ಜರ್ಕೇ.

ಇಳಿಜಾರಿನ ವಿಷಯಕ್ಕೆ ಬಂದರೆ, ಪೆಟ್ರೋಲ್ ಉಳಿಸಲು ನ್ಯೂಟ್ರಲ್‌ಗೆ ಹಾಕಿ, ಕೆಲವರು ಇಂಜಿನ್ನನ್ನೂ ಆಫ್ ಮಾಡಿ ಇಳಿಯುತ್ತಾರೆ. ಇದು ತೀರಾ ಕೆಟ್ಟ ಉಳಿತಾಯ. ಹಿಂದೆ ಹಾಲಿನ ಕ್ಯಾನ್ ತುಂಬಿಕೊಂಡೋ, ಇಬ್ಬರನ್ನು ಕೂರಿಸಿಕೊಂಡು ನಂದಿ ಬೆಟ್ಟದಿಂದಲೋ ಹಾಗೆ ಇಳಿದರೆ ಭಾರವೆಲ್ಲ ಬ್ರೇಕಿನ ಮೇಲೆಯೇ ಬೀಳುತ್ತದೆ. ಡ್ರಮ್ ಬ್ರೇಕ್ ಬಿಸಿಯಾದಂತೆ ಹಿಡಿತ ಸಡಿಲವಾಗುತ್ತದೆ. ಎರಡನೆಯ ಅಥವಾ ಮೂರನೆಯ ಗೇರಿನಲ್ಲಿ ಇಳಿದರೆ ಇಂಜಿನ್ನೇ ಗಾಡಿಯನ್ನು ಹಿಡಿದುಕೊಳ್ಳುತ್ತದೆ, ಬ್ರೇಕ್ ಬೇಕಾದಾಗ ಉಳಿದಿರುತ್ತದೆ. 2020ರ ಏಪ್ರಿಲ್‌ನಲ್ಲಿ ಬಿಎಸ್-6 ನಿಯಮ ಬಂದ ಮೇಲೆ ಬಹುತೇಕ ಹೊಸ ಬೈಕುಗಳಲ್ಲಿ ಕಾರ್ಬೊರೇಟರ್ ಹೋಗಿ ಫ್ಯೂಯೆಲ್ ಇಂಜೆಕ್ಷನ್ ಬಂದಿದೆ. ಇಂಥ ಗಾಡಿ ಗೇರಿನಲ್ಲಿರುವಾಗ ಆಕ್ಸಿಲರೇಟರ್ ಪೂರ್ತಿ ಬಿಟ್ಟು ಇಳಿದರೆ ಸಾಮಾನ್ಯವಾಗಿ ಪೆಟ್ರೋಲ್ ಹರಿಯುವುದೇ ನಿಲ್ಲುತ್ತದೆ. ನ್ಯೂಟ್ರಲ್‌ನಲ್ಲಾದರೆ ಇಂಜಿನ್ ತಿರುಗಿಸಲು ಪೆಟ್ರೋಲ್ ಬೇಕೇ ಬೇಕು. ಏರಿನಲ್ಲಿ ಇಂಜಿನ್ ಗೊಣಗುವವರೆಗೆ ಕಾಯದೆ, ಅದಕ್ಕೆ ಮುಂಚೆಯೇ ಒಂದು ಗೇರ್ ಇಳಿಸಿ.

ಇಷ್ಟು ಮಾಡಿದರೂ ಜರ್ಕ್ ನಿಲ್ಲದಿದ್ದರೆ ಮೆಕ್ಯಾನಿಕ್ ಹತ್ತಿರ ಚೈನ್ ನೋಡಿಸಿ. ಸಾಮಾನ್ಯ ಬೈಕುಗಳಲ್ಲಿ ಚೈನ್ 20ರಿಂದ 30 ಮಿ.ಮೀ. ಮೇಲೆಕೆಳಗೆ ಆಡಬಹುದು, ಅದಕ್ಕಿಂತ ಜೋತುಬಿದ್ದರೆ ಪ್ರತಿ ಗೇರಿಗೂ ಹೊಡೆತ. ಕ್ಲಚ್ ಲಿವರಿನ ತುದಿಯಲ್ಲಿ 10ರಿಂದ 20 ಮಿ.ಮೀ. ಸಡಿಲ ಇರಬೇಕು. ಹಿಂದಿನ ಚಕ್ರದ ಹಬ್ ರಬ್ಬರ್ ಸವೆದಿದ್ದರೂ ಇದೇ ತೊಂದರೆ ಬರುತ್ತದೆ, ಅದನ್ನೂ ಬಿಚ್ಚಿ ನೋಡಲು ಹೇಳಿ.