ರಾಬರ್ಟ್ ಬ್ರೂಸ್ ಫೂಟ್ ಸಂಗನಕಲ್ಲು ಪುರಾತತ್ವ ವಸ್ತುಸಂಗ್ರಹಾಲಯ

ರಾಬರ್ಟ್ ಬ್ರೂಸ್ ಫೂಟ್ ಸಂಗನಕಲ್ಲು ಪುರಾತತ್ವ ವಸ್ತುಸಂಗ್ರಹಾಲಯವು ಕರ್ನಾಟಕದ ಬಳ್ಳಾರಿ ನಗರದಲ್ಲಿರುವ ಒಂದು ಚಿಕ್ಕ ವಸ್ತುಸಂಗ್ರಹಾಲಯ. ನಗರಕ್ಕೆ ಸಮೀಪದ ಸಂಗನಕಲ್ಲು ಮತ್ತು ಕಪ್ಪಗಲ್ಲು (ಕುಪ್ಗಲ್) ಗ್ರಾಮಗಳ ಗುಡ್ಡಗಳಲ್ಲಿ ದೊರೆತ ಪ್ರಾಗೈತಿಹಾಸಿಕ ಅವಶೇಷಗಳನ್ನು ಪರಿಚಯಿಸುವುದು ಇದರ ಮುಖ್ಯ ಉದ್ದೇಶ. ಈ ಗುಡ್ಡಗಳು ನವಶಿಲಾಯುಗದಲ್ಲಿ ಕಲ್ಲಿನ ಕೊಡಲಿಗಳನ್ನು ದೊಡ್ಡ ಪ್ರಮಾಣದಲ್ಲಿ ತಯಾರಿಸುತ್ತಿದ್ದ ಕೈಗಾರಿಕಾ ನೆಲೆಯಾಗಿದ್ದವು.

ಹೆಸರಿನ ಹಿನ್ನೆಲೆ

ರಾಬರ್ಟ್ ಬ್ರೂಸ್ ಫೂಟ್ (1834–1912) ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ಅಧಿಕಾರಿಯಾಗಿದ್ದರು. 1863ರಲ್ಲಿ ಮದ್ರಾಸಿನ ಬಳಿಯ ಪಲ್ಲಾವರಂನಲ್ಲಿ ಹಳೆಯ ಶಿಲಾಯುಗದ ಕೈಕೊಡಲಿಯನ್ನು ಗುರುತಿಸಿದ ಅವರನ್ನು ಭಾರತದ ಪ್ರಾಗಿತಿಹಾಸ ಅಧ್ಯಯನದ ಪಿತಾಮಹರೆಂದು ಪರಿಗಣಿಸಲಾಗುತ್ತದೆ. 1872ರಲ್ಲಿ ಅವರು ಬಳ್ಳಾರಿ ಸಮೀಪದ ಈ ನೆಲೆಯನ್ನು ಗುರುತಿಸಿದರು.

ಕೊಡಲಿ ತಯಾರಿಕೆ

ಇಲ್ಲಿನ ಗುಡ್ಡಗಳು ಗ್ರಾನೈಟ್ ಬಂಡೆಗಳಿಂದಾದವು. ಹಿರೇಗುಡ್ಡದಲ್ಲಿ ಗ್ರಾನೈಟನ್ನು ಸೀಳಿಕೊಂಡು ಡಾಲರೈಟ್ ಎಂಬ ಗಟ್ಟಿಯಾದ ಕಪ್ಪು ಶಿಲೆಯ ಪಟ್ಟಿಯೊಂದು ಹಾದುಹೋಗಿದೆ. ಕೊಡಲಿಗಳಿಗೆ ಬೇಕಾದ ಕಲ್ಲು ಇದರಿಂದಲೇ ದೊರೆಯುತ್ತಿತ್ತು. ಕಲ್ಲಿನಿಂದ ಚಕ್ಕೆಗಳನ್ನು ಎಬ್ಬಿಸಿ ಮೊದಲು ಒರಟು ಆಕಾರ ಕೊಡುತ್ತಿದ್ದರು. ಬಳಿಕ ಅದನ್ನು ಸಣ್ಣದಾಗಿ ಕುಟ್ಟಿ ಸಮಗೊಳಿಸಿ, ಕೊನೆಗೆ ಬಂಡೆಯ ಮೇಲೆ ಉಜ್ಜಿ ಅಲಗನ್ನು ಹರಿತಗೊಳಿಸುತ್ತಿದ್ದರು. ಹೀಗೆ ಉಜ್ಜಿದ್ದರಿಂದ ಉಂಟಾದ ನುಣುಪಾದ ಗುಣಿಗಳು ಗ್ರಾನೈಟ್ ಬಂಡೆಗಳ ಮೇಲೆ ಉಳಿದಿವೆ. ಕೆಲಸದ ಜಾಗಗಳಲ್ಲಿ ಚಕ್ಕೆಗಳ ದಟ್ಟ ರಾಶಿಗಳೂ ಅರ್ಧಕ್ಕೆ ಮುರಿದ ಕೊಡಲಿಗಳೂ ಕಂಡುಬಂದಿವೆ. ಈ ಪ್ರಮಾಣದ ತಯಾರಿಕೆಯು ಊರಿನ ಬಳಕೆಗಷ್ಟೇ ಸೀಮಿತವಾಗಿರಲಿಲ್ಲ ಎಂಬುದು ಸಂಶೋಧಕರ ಅಭಿಪ್ರಾಯ.

ಉತ್ಖನನಗಳು

1940ರ ದಶಕದಲ್ಲಿ ಬಿ. ಸುಬ್ಬರಾವ್ ಅವರು ಇಲ್ಲಿ ಉತ್ಖನನ ನಡೆಸಿದರು. 1964–65ರಲ್ಲಿ ಝಡ್. ಡಿ. ಅನ್ಸಾರಿ ಮತ್ತು ಎಂ. ಎಸ್. ನಾಗರಾಜರಾವ್ ಅವರು ಅದನ್ನು ಮುಂದುವರಿಸಿದರು. ನಂತರ ರವಿ ಕೋರಿಶೆಟ್ಟರ್, ನಿಕೋಲ್ ಬೋವಿನ್, ಡೋರಿಯನ್ ಫುಲ್ಲರ್ ಮೊದಲಾದವರು ನಡೆಸಿದ ಅಧ್ಯಯನಗಳಿಂದ ಇಲ್ಲಿನ ಜನಜೀವನದ ಚಿತ್ರ ಸ್ಪಷ್ಟವಾಯಿತು. ಕ್ರಿ.ಪೂ. ಎರಡನೇ ಸಹಸ್ರಮಾನದಲ್ಲಿ ಇಲ್ಲಿ ನೆಲೆಸಿದ್ದ ಜನರು ದನ, ಕುರಿ, ಮೇಕೆಗಳನ್ನು ಸಾಕುತ್ತಿದ್ದರು. ಹುರುಳಿ, ಹೆಸರು, ಕೊರಲೆ ಮೊದಲಾದ ಧಾನ್ಯಗಳ ಸುಟ್ಟ ಕಾಳುಗಳು ಮಣ್ಣಿನ ಪದರಗಳಲ್ಲಿ ದೊರೆತಿವೆ.

ಬಂಡೆಚಿತ್ರಗಳು

ಹಿರೇಗುಡ್ಡದ ಡಾಲರೈಟ್ ಬಂಡೆಗಳ ಮೇಲೆ ಕುಟ್ಟಿ ಮೂಡಿಸಿದ ಅನೇಕ ಚಿತ್ರಗಳಿವೆ. ಇವುಗಳಲ್ಲಿ ಉದ್ದ ಕೊಂಬಿನ ದನಗಳ ಚಿತ್ರಗಳೇ ಹೆಚ್ಚು. 1892ರಲ್ಲಿ ಎಫ್. ಫಾಸೆಟ್ ಅವರು ಈ ಚಿತ್ರಗಳ ಕುರಿತು ಬರೆದರು. ಕೆಲವು ಬಂಡೆಗಳನ್ನು ಕಲ್ಲಿನಿಂದ ತಟ್ಟಿದಾಗ ಗಂಟೆಯಂತಹ ನಾದ ಹೊರಡುತ್ತದೆ. ಮತ್ತೆ ಮತ್ತೆ ತಟ್ಟಿದ್ದರಿಂದ ಅವುಗಳ ಮೇಲೆ ಕುಳಿಗಳು ಬಿದ್ದಿವೆ.

ವಸ್ತುಸಂಗ್ರಹಾಲಯ

ಬಳ್ಳಾರಿ ಜಿಲ್ಲಾಡಳಿತದ ನೆರವಿನಿಂದ ರೂಪುಗೊಂಡ ಈ ಸಂಗ್ರಹಾಲಯದ ಹಿಂದೆ ಪುರಾತತ್ವಜ್ಞ ರವಿ ಕೋರಿಶೆಟ್ಟರ್ ಅವರ ಪರಿಶ್ರಮವಿದೆ. ಕಲ್ಲಿನ ಉಪಕರಣಗಳು ಹಾಗೂ ಇತರ ಪ್ರಾಗೈತಿಹಾಸಿಕ ಅವಶೇಷಗಳ ಮೂಲಕ ಈ ಪ್ರದೇಶದ ಶಿಲಾಯುಗದ ಬದುಕನ್ನು ಇಲ್ಲಿ ವಿವರಿಸಲಾಗಿದೆ.

ಕಲ್ಲುಗಣಿಗಾರಿಕೆ ಮತ್ತು ಸಂರಕ್ಷಣೆ

ಪ್ರಾಚೀನರನ್ನು ಇಲ್ಲಿಗೆ ಸೆಳೆದ ಕಲ್ಲೇ ಇಂದು ಈ ನೆಲೆಗೆ ಅಪಾಯ ತಂದಿದೆ. ಕಟ್ಟಡ ಮತ್ತು ರಸ್ತೆ ಕಾಮಗಾರಿಗಳಿಗಾಗಿ ಈ ಭಾಗದ ಗುಡ್ಡಗಳನ್ನು ಒಡೆಯಲಾಗಿದ್ದು, ಬಂಡೆಚಿತ್ರಗಳಿಗೆ ಒದಗಬಹುದಾದ ಹಾನಿಯ ಬಗ್ಗೆ ಸಂಶೋಧಕರು 2000ರ ದಶಕದಲ್ಲೇ ಎಚ್ಚರಿಸಿದ್ದರು. ಕೊಡಲಿ, ಮಡಕೆ ಚೂರುಗಳನ್ನು ಸಂಗ್ರಹಾಲಯಕ್ಕೆ ಸಾಗಿಸಿ ಉಳಿಸಬಹುದು. ಆದರೆ ಉಜ್ಜಿದ ಗುಣಿಗಳು, ನಾದ ಹೊರಡಿಸುವ ಬಂಡೆಗಳು ಮತ್ತು ಚಕ್ಕೆಗಳು ಬಿದ್ದ ಜಾಗದ ವಿನ್ಯಾಸ ಗುಡ್ಡದ ಜೊತೆಗೇ ಉಳಿಯಬೇಕಾದವು. ಹೀಗಾಗಿ ಸಂಗ್ರಹಾಲಯದಲ್ಲಿರುವ ವಸ್ತುಗಳ ಪೂರ್ಣ ಅರ್ಥವು ಗುಡ್ಡಗಳ ಸಂರಕ್ಷಣೆಯನ್ನು ಅವಲಂಬಿಸಿದೆ.