ಬ್ಯಾಂಡ್ ಒಡೆದ ಮೇಲೆ ಹಾಡು ಯಾರದ್ದು? ರಘು ದೀಕ್ಷಿತ್ ಮೊದಲ ಆಲ್ಬಂ ಮತ್ತು ಅಭಿಮಾನಿಗಳ ಜಗಳ

ಇಯರ್‌ಫೋನ್ ಹಾಕ್ಕೊಂಡ್ರಾ? ನಾನು ತೋರಣಗಲ್ಲಿನಿಂದ ಮಾತಾಡ್ತಿದೀನಿ. ನಡುವೆ ಗೂಡ್ಸ್ ರೈಲಿನ ಸದ್ದು ಬಂದ್ರೆ ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ. ಬಳ್ಳಾರಿ–ಹೊಸಪೇಟೆ ಲೈನ್ ಪಕ್ಕದಲ್ಲೇ ಇದೆ, ರಾತ್ರಿ ಹಗಲು ಅನ್ನೋ ಭೇದ ಅದಕ್ಕಿಲ್ಲ.

ಇವತ್ತಿನ ಕಥೆ 2008ರದ್ದು. ಆ ವರ್ಷ ನಿಮ್ಮಲ್ಲಿ ತುಂಬಾ ಜನ ಪ್ರೈಮರಿ ಸ್ಕೂಲಲ್ಲಿ ಇದ್ದಿರಬೇಕು, ನಾನೂ ಅಷ್ಟೇ. ಸ್ಟ್ರೀಮಿಂಗ್ ಅನ್ನೋ ಪದ ನಮ್ಮ ಕಡೆ ಯಾರ ಬಾಯಲ್ಲೂ ಇರಲಿಲ್ಲ. ಮೊಬೈಲ್ ಅಂಗಡಿಗೆ ಹೋಗಿ ಮೆಮೊರಿ ಕಾರ್ಡ್ ಕೊಟ್ಟು ‘ಹಾಡು ತುಂಬಿಸಿ ಅಣ್ಣಾ’ ಅನ್ನೋ ಕಾಲ. ‘ಮುಂಗಾರು ಮಳೆ’ ಬಂದು ಒಂದು ವರ್ಷದ ಮೇಲಾಗಿತ್ತು, ಅದರ ಗುಂಗು ಇನ್ನೂ ಇಳಿದಿರಲಿಲ್ಲ. ಕನ್ನಡ ಹಾಡು ಅಂದ್ರೆ ಸಿನಿಮಾ ಹಾಡು, ಇಲ್ಲಾ ಭಾವಗೀತೆ, ಇಲ್ಲಾ ದೇವರ ಹಾಡು. ನಾಲ್ಕನೇದು ಒಂದು ಇರಬಹುದು ಅಂತ ಅಂಗಡಿಯವನ ಕಂಪ್ಯೂಟರ್‌ನಲ್ಲಿ ಫೋಲ್ಡರೇ ಇರಲಿಲ್ಲ.

ಅಂಥ ಟೈಮಲ್ಲಿ, ಫೆಬ್ರವರಿ 2008ಕ್ಕೆ, ‘ದಿ ರಘು ದೀಕ್ಷಿತ್ ಪ್ರಾಜೆಕ್ಟ್’ ಅನ್ನೋ ಹೊಸ ಬ್ಯಾಂಡಿನ ಮೊದಲ ಆಲ್ಬಂ ಬಂತು. ಒಟ್ಟು 8 ಹಾಡು. ನಾಲ್ಕು ಹಿಂದಿ, ಎರಡು ಇಂಗ್ಲಿಷ್, ಎರಡು ಕನ್ನಡ. ಈ ನಾಲ್ಕು-ಎರಡು-ಎರಡು ಲೆಕ್ಕ ನೆನಪಲ್ಲಿ ಇಟ್ಕೊಳ್ಳಿ, ಜಗಳ ಅಲ್ಲಿಂದಾನೇ ಶುರು ಆಗೋದು.

‘ಮೊದಲ ಆಲ್ಬಂ’, ‘ಹೊಸ ಬ್ಯಾಂಡ್’ ಅಂದೆನಲ್ಲ, ಎರಡೂ ಅರ್ಧ ಸತ್ಯ. ಹಾಡಿದವರು ಹೊಸಬರಲ್ಲ. 1974ರಲ್ಲಿ ಹುಟ್ಟಿದ ರಘುಗೆ ಆಲ್ಬಂ ಬಂದಾಗ ಮೂವತ್ಮೂರು ವರ್ಷ. ಮೈಸೂರಲ್ಲಿ ಬೆಳೆದವರು, ಮೈಕ್ರೋಬಯಾಲಜಿಯಲ್ಲಿ ಎಂ.ಎಸ್ಸಿ., ಜೊತೆಗೆ ಭರತನಾಟ್ಯದಲ್ಲಿ ವಿದ್ವತ್. ಗಿಟಾರ್ ಹಿಡಿದಿದ್ದು ಕಾಲೇಜಿನಲ್ಲಿ ಯಾರೋ ಹಾಕಿದ ಸವಾಲಿಗೆ ಅಂತ ಅವರೇ ಸಂದರ್ಶನಗಳಲ್ಲಿ ಹೇಳಿಕೊಂಡಿದ್ದಾರೆ. ಬೆಲ್ಜಿಯಂಗೆ ಕೆಲಸಕ್ಕೆ ಹೋದರು, ಅಲ್ಲಿನ ರೇಡಿಯೋದಲ್ಲಿ ಅವರ ಹಾಡು ಬಂತು, ಕೆಲಸ ಬಿಟ್ಟು ವಾಪಸ್ ಬಂದರು. 1990ರ ದಶಕದ ಕೊನೆಯಿಂದ ‘ಅಂತರಾಗ್ನಿ’ ಅನ್ನೋ ಬ್ಯಾಂಡ್ ಇತ್ತು. ಅಂತರಾಗ್ನಿ ಅಂದ್ರೆ ಒಳಗಿನ ಬೆಂಕಿ. ಪಿಟೀಲು, ಗಿಟಾರ್, ಜನಪದದ ತಾಳ, ಕಾಲೇಜ್ ಫೆಸ್ಟ್‌ಗಳು. ಬೆಂಗಳೂರು-ಮೈಸೂರಿನ ಒಂದು ತಲೆಮಾರಿಗೆ ಅದು ‘ನಮ್ಮ ಬ್ಯಾಂಡ್’. 2000ದ ದಶಕದ ನಡುವಿಗೆ ಅದು ಒಡೀತು. ಆಮೇಲೆ ಬಂದಿದ್ದೇ ಈ ಪ್ರಾಜೆಕ್ಟ್. ಕಲಾವಿದರು ಬರಬಹುದು, ಹೋಗಬಹುದು, ಬಾಗಿಲು ತೆಗೆದೇ ಇರುತ್ತೆ, ಆದ್ರೆ ಬೋರ್ಡಿನ ಮೇಲೆ ಒಬ್ಬರದ್ದೇ ಹೆಸರು.

ಬಿ.ಕಾಂ. ಓದಿದವನ ತಲೆ ಇದು, ತಡೆಯೋಕಾಗಲ್ಲ. ಅಂತರಾಗ್ನಿ ಒಂದು ಪಾರ್ಟ್‌ನರ್‌ಶಿಪ್ ಫರ್ಮ್ ಅನ್ಕೊಳ್ಳಿ, ಪ್ರಾಜೆಕ್ಟ್ ಒಂದು ಸೋಲ್ ಪ್ರೊಪ್ರೈಟರ್‌ಶಿಪ್. ಫರ್ಮ್ ಮುಚ್ಚುವಾಗ ಗುಡ್‌ವಿಲ್ ಕೂಡ ಆಸ್ತಿ ಅಂತ 1932ರ ಪಾರ್ಟ್‌ನರ್‌ಶಿಪ್ ಕಾಯ್ದೆ ಹೇಳುತ್ತೆ, ಅದಕ್ಕೂ ಲೆಕ್ಕ ಹಾಕಬೇಕು. ಆದ್ರೆ ಬ್ಯಾಂಡಿನ ಗುಡ್‌ವಿಲ್ ಅಂದ್ರೆ ಏನು? ಕುರ್ಚಿ-ಟೇಬಲ್ ಅಲ್ಲ, ಹೆಸರೂ ಪೂರ್ತಿ ಅಲ್ಲ. ಅದು ಅಭಿಮಾನಿಗಳ ತಲೆಯೊಳಗೆ ಇರೋ ಹಾಡು. ಹಾಡುಗಾರ ಹೊಸ ಅಂಗಡಿ ತೆಗೆದಾಗ ಆ ಗುಡ್‌ವಿಲ್ ಅವನ ಹಿಂದೆ ಹೋಗುತ್ತಾ, ಹಳೇ ವಿಳಾಸದಲ್ಲೇ ಉಳಿಯುತ್ತಾ? 2008ರ ಆಲ್ಬಂ ಬಗ್ಗೆ ಅಭಿಮಾನಿಗಳು ಕಿತ್ತಾಡಿದ್ದು ಒಳಗೊಳಗೆ ಇದೇ ಪ್ರಶ್ನೆಗೆ.

ಇದು ಕನ್ನಡದ್ದೇ ರೋಗ ಅಲ್ಲ ಬಿಡಿ. 1979ರಲ್ಲಿ ಬ್ಲ್ಯಾಕ್ ಸಬ್ಬತ್‌ನಿಂದ ಹೊರಬಿದ್ದ ಆಜಿ ಆಸ್ಬರ್ನ್ 1980ರಲ್ಲಿ ಹೊಸ ತಂಡ ಕಟ್ಟಿ ‘ಬ್ಲಿಜರ್ಡ್ ಆಫ್ ಆಜ್’ ತಂದಾಗಲೂ ಹಳೇ ಅಭಿಮಾನಿ ಪಕ್ಕದಲ್ಲಿ ತಕ್ಕಡಿ ಇಟ್ಕೊಂಡೇ ಕೇಳಿದ್ದು. ಆದ್ರೆ ಆ ತಕ್ಕಡಿಯ ಇನ್ನೊಂದು ತಟ್ಟೆಯಲ್ಲಿ ಬ್ಲ್ಯಾಕ್ ಸಬ್ಬತ್‌ನ ರೆಕಾರ್ಡುಗಳಿದ್ವು. ಅಂತರಾಗ್ನಿಯ ಬಹುಪಾಲು ವೇದಿಕೆಯ ಮೇಲೆ ಹುಟ್ಟಿ ವೇದಿಕೆಯ ಮೇಲೇ ಮುಗಿದದ್ದು.

ಹಾಗಾಗಿ ಮೊದಲನೇ ಗುಂಪಿನ ಬೇಜಾರು ನನಗೆ ನಿಜ ಅನಿಸುತ್ತೆ. ಅವರು ಅಂತರಾಗ್ನಿಯನ್ನು ಲೈವ್ ಕೇಳಿದವರು. ಆಲ್ಬಂನ ಹಲವು ಹಾಡು ಅವರಿಗೆ ಹೊಸದಲ್ಲ, ವರ್ಷಗಟ್ಟಲೆ ಜೊತೆಗೆ ಕಿರುಚಿದ ಹಾಡುಗಳು. ಸ್ಟುಡಿಯೋದಲ್ಲಿ ತೊಳೆದು ಇಸ್ತ್ರಿ ಮಾಡಿ ಕೊಟ್ಟಾಗ ‘ಆ ಬೆವರು ಎಲ್ಲಿ ಹೋಯ್ತು?’ ಅಂದ್ರು. ಇವರ ಜೊತೆ ವಾದ ಮಾಡಿ ಗೆಲ್ಲೋಕಾಗಲ್ಲ. ಅವರು ಹೋಲಿಸ್ತಿರೋದು ನಮಗೆ ಸಿಗದ ಒಂದು ಸಂಜೆಯ ಜೊತೆ.

ಎರಡನೇದು ರಾಕ್ ಗುಂಪು. 2007ರ ಮಾರ್ಚ್ 17ಕ್ಕೆ ಬೆಂಗಳೂರಿನ ಅರಮನೆ ಮೈದಾನದಲ್ಲಿ ಐರನ್ ಮೇಡನ್ ಹಾಡಿ ಹೋಗಿತ್ತು. ಕಪ್ಪು ಟೀ ಶರ್ಟಿನವರ ಕಿವಿಯಲ್ಲಿ ಇನ್ನೂ ಅದೇ ಗುಂಯ್ ಅಂತಿದ್ದಾಗ, ಲುಂಗಿ ಉಟ್ಟು ಕಾಲಿಗೆ ಗೆಜ್ಜೆ ಕಟ್ಟಿದ ಒಬ್ಬ ಗಿಟಾರ್ ಹಿಡಿದು ಬಂದರೆ? ‘ಇದು ರಾಕೇ ಅಲ್ಲ’ ಅಂದ್ರು. ಇದಕ್ಕೆ ನಾನು ಜಾಸ್ತಿ ಟೈಮ್ ಕೊಡಲ್ಲ. ಇಂಡಿಯನ್ ಓಶನ್‌ನ ‘ಕಂದೀಸ’ 2000ದಲ್ಲೇ ಬಂದಿತ್ತು, ಇದೇ 2008ರಲ್ಲಿ ಮಲಯಾಳದಲ್ಲಿ ಅವಿಯಲ್ ತನ್ನ ಮೊದಲ ಆಲ್ಬಂ ತಂತು. ರಾಕ್‌ಗೆ ಯೂನಿಫಾರ್ಮ್ ಇಲ್ಲ ಅಂತ ಅಷ್ಟೊತ್ತಿಗೆ ಗೊತ್ತಾಗಬೇಕಿತ್ತು.

ಮೂರನೇ ಗುಂಪು ಭಾಷೆಯದ್ದು. ಕನ್ನಡದ ಹುಡುಗ, 8ರಲ್ಲಿ ಬರೀ 2 ಕನ್ನಡ? ಅದರಲ್ಲೂ ಮೈಸೂರಿನ ಹುಡುಗಿಯ ಮೇಲಿನ ಹಾಡು ‘ಮೈಸೂರ್ ಸೆ ಆಯಿ’ ಹಿಂದಿಯಲ್ಲಿ! ಈ ಕೋಪ ನನಗೆ ಅರ್ಥ ಆಗುತ್ತೆ. ಆದ್ರೆ ಲೆಕ್ಕದ ಇನ್ನೊಂದು ಪುಟವೂ ಇದೆ. ಆಲ್ಬಂ ತಂದಿದ್ದು ಮುಂಬೈನಲ್ಲಿ, ಹಿಂದಿ ಸಿನಿಮಾದ ಸಂಗೀತ ನಿರ್ದೇಶಕರಾದ ವಿಶಾಲ್–ಶೇಖರ್ ಕಟ್ಟಿದ ಕೌಂಟರ್ ಕಲ್ಚರ್ ರೆಕಾರ್ಡ್ಸ್. ಸಿನಿಮಾ ಇಲ್ಲದ ಕನ್ನಡ ಹಾಡಿಗೆ ಇಲ್ಲಿ ದುಡ್ಡು ಹಾಕೋರು ಯಾರಿದ್ರು? ಆಲ್ಬಂನ ಒಂದು ಇಂಗ್ಲಿಷ್ ಹಾಡಿನ ಹೆಸರೇ ‘ಮುಂಬೈನಲ್ಲಿದೀನಿ, ಪವಾಡಕ್ಕೆ ಕಾಯ್ತಿದೀನಿ’ ಅನ್ನೋ ಅರ್ಥದ್ದು. ಇದಕ್ಕಿಂತ ಪ್ರಾಮಾಣಿಕ ಬ್ಯಾಲೆನ್ಸ್ ಶೀಟ್ ನಾನು ನೋಡಿಲ್ಲ.

ತೋರಣಗಲ್ಲಿನವನಾಗಿ ಇಲ್ಲಿ ಒಂದು ಮಾತು. ಉಕ್ಕಿನ ಕಾರ್ಖಾನೆ ಬಂದ ಮೇಲೆ ನಮ್ಮೂರಲ್ಲಿ ಒಂದು ಬೀದಿ ನಡೆದ್ರೆ ನಾಲ್ಕು ಭಾಷೆ ಕಿವಿಗೆ ಬೀಳುತ್ತೆ. ಟೀ ಅಂಗಡಿಯವನು ಮೂರರಲ್ಲಿ ಲೆಕ್ಕ ಹೇಳ್ತಾನೆ. ಒಡಿಶಾದಿಂದ ಬಂದ ಗೆಳೆಯನೊಬ್ಬನಿಗೆ ಈ ಆಲ್ಬಂ ಕಳಿಸಿದ್ದೆ. ಅವನು ಹಿಂದಿಯ ‘ಹೇ ಭಗವಾನ್’, ‘ಖಿಡಕಿ’ ಕೇಳ್ತಾನೆ ಅನ್ಕೊಂಡ್ರೆ, ಎರಡು ದಿನ ಬಿಟ್ಟು ಬಂದು ಕೇಳಿದ್ದು ‘ಗುಡುಗುಡಿ ಅಂದ್ರೆ ಏನು?’ ಅಂತ. ಹಿಂದಿ ಹಾಡು ಬಾಗಿಲು ತೆಗೀತು, ಕನ್ನಡದ್ದು ಮನೆಯೊಳಗೆ ಕೂರಿಸ್ತು. ಇದನ್ನ ಪಾಲಿಸಿ ಮಾಡ್ಬೇಕು ಅಂತ ನಾನು ಹೇಳ್ತಿಲ್ಲ, ಒಂದು ಆಲ್ಬಂ ಹಾಗೆ ಕೆಲಸ ಮಾಡ್ತು ಅಷ್ಟೇ.

ಈಗ ನಿಜವಾದ ಜಗಳಕ್ಕೆ ಬರೋಣ. ಆ ಎರಡು ಕನ್ನಡ ಹಾಡು ಯಾವುವು? ‘ಗುಡುಗುಡಿಯಾ ಸೇದಿ ನೋಡೋ’, ‘ಸೋರುತಿಹುದು ಮನೆಯ ಮಾಳಿಗಿ’. ಎರಡೂ ಸಂತ ಶಿಶುನಾಳ ಶರೀಫರ ತತ್ವಪದ. ಶರೀಫರು 1819ರಿಂದ 1889ರವರೆಗೆ ಇದ್ದವರು, ಈಗಿನ ಹಾವೇರಿ ಜಿಲ್ಲೆ ಶಿಗ್ಗಾವಿ ತಾಲ್ಲೂಕಿನ ಶಿಶುನಾಳದವರು, ಕಳಸದ ಗೋವಿಂದ ಭಟ್ಟರ ಶಿಷ್ಯ. ಗುಡುಗುಡಿ ಅಂದ್ರೆ ಹುಕ್ಕಾ. ಕಾಲೇಜಲ್ಲಿ ಇದನ್ನ ಧಂ ಹೊಡೆಯೋ ಹಾಡು ಅನ್ಕೊಂಡು ಕುಣಿದೋರು ಎಷ್ಟೋ ಜನ. ಆದ್ರೆ ಶರೀಫರ ಹುಕ್ಕಾದಲ್ಲಿ ಚೀಲ ಅಂದ್ರೆ ಮನಸ್ಸು, ಬೆಂಕಿ ಅಂದ್ರೆ ಬುದ್ಧಿ, ಸುಟ್ಟುಹೋಗಬೇಕಾಗಿರೋದು ಒಳಗಿನ ರೋಗ. ಅಂತರಾಗ್ನಿ ಅನ್ನೋ ಹೆಸರಿನ ಬ್ಯಾಂಡ್ ಕಟ್ಟಿದ್ದವರಿಗೆ ಈ ಹಾಡು ಹೊಂದಿದ್ದರಲ್ಲಿ ಆಶ್ಚರ್ಯ ಇಲ್ಲ.

ನಮ್ಮ ಮನೆಗಳಲ್ಲಿ ಶರೀಫ ಅಂದ್ರೆ ಸಿ. ಅಶ್ವತ್ಥ್ ಧ್ವನಿ. ಇಲ್ಲಾ ಶಿವಮೊಗ್ಗ ಸುಬ್ಬಣ್ಣ. 1990ರಲ್ಲಿ ನಾಗಾಭರಣ ಅವರ ‘ಸಂತ ಶಿಶುನಾಳ ಶರೀಫ’ ಸಿನಿಮಾ ಬಂತು, ಶ್ರೀಧರ್ ಶರೀಫರಾಗಿ, ಗಿರೀಶ್ ಕಾರ್ನಾಡ್ ಗೋವಿಂದ ಭಟ್ಟರಾಗಿ, ಸಂಗೀತ ಅಶ್ವತ್ಥ್ ಅವರದ್ದು. ಅಲ್ಲಿಂದ ಆ ಧಾಟಿ ಎಷ್ಟು ಗಟ್ಟಿಯಾಗಿ ಕೂತ್ಬಿಡ್ತು ಅಂದ್ರೆ, ಶರೀಫರೇ ಹಾಗೆ ಹಾಡಿದ್ರೇನೋ ಅನ್ನೋ ಹಾಗೆ. ರಘು ಆ ಧಾಟಿ ಹಿಡೀಲಿಲ್ಲ. ಬೇರೆ ಧಾಟಿ, ಬೇರೆ ಓಟ. ‘ಶರೀಫಜ್ಜನ್ನ ಕೆಡಿಸಿದ’ ಅನ್ನೋ ಮಾತು ನಾನು ಹಿರಿಯರ ಬಾಯಲ್ಲಿ ಎಷ್ಟೋ ಸಲ ಕೇಳಿದೀನಿ.

ಆದ್ರೆ ಕೆಡಿಸೋದಕ್ಕೆ ಮೊದಲು ಅಸಲಿ ಅಂತ ಒಂದು ಇರಬೇಕಲ್ವಾ? ಶರೀಫರ ಧ್ವನಿಯ ರೆಕಾರ್ಡ್ ಇಲ್ಲ. 1889ಕ್ಕೆ ನಮ್ಮ ಕಡೆ ಯಾರ ಹತ್ರ ಮಷೀನ್ ಇತ್ತು? ಪದಗಳು ಬಾಯಿಂದ ಬಾಯಿಗೆ, ಏಕತಾರಿ, ದಮ್ಮಡಿ, ತಾಳದ ಜೊತೆ ಬಂದ್ವು. ಊರಿಂದ ಊರಿಗೆ ಭಜನಾ ಮಂಡಳಿಯ ಧಾಟಿ ಬೇರೆ. ಅಶ್ವತ್ಥ್ ಕೊಟ್ಟಿದ್ದೂ ಒಂದು ಹೊಸ ಸಂಯೋಜನೆಯೇ. ಎದೆ ತುಂಬಿ, ಗಂಟಲು ಹರಿಯೋ ಹಾಗೆ ಹಾಡೋ ಆ ಶೈಲಿ ನನ್ನ ಪ್ರಕಾರ ಕನ್ನಡದ ಮೊದಲ ರಾಕ್ ಶೈಲಿ, ಗಿಟಾರ್ ಇಲ್ಲದೇನೇ. 2005ರಲ್ಲಿ ಅವರ ‘ಕನ್ನಡವೇ ಸತ್ಯ’ ಕಾರ್ಯಕ್ರಮಕ್ಕೆ ಜನಸಾಗರ ಸೇರಿದ್ದು ಎಲ್ಲಿ ಗೊತ್ತಾ? ಅದೇ ಅರಮನೆ ಮೈದಾನ. ಎರಡು ವರ್ಷಕ್ಕೆ ಅಲ್ಲೇ ಐರನ್ ಮೇಡನ್. ನೆಲಕ್ಕೆ ವ್ಯತ್ಯಾಸ ಗೊತ್ತಾಗಿರಲಿಕ್ಕಿಲ್ಲ.

ಇಲ್ಲೇ ಹಂಪಿಗೆ ಹೋಗಿ ನೋಡಿ. ತುಂಗಭದ್ರೆ ದಂಡೆಯಲ್ಲಿ ಪುರಂದರದಾಸರ ಮಂಟಪ ಇದೆ, ನದಿ ತುಂಬಿದಾಗ ಮುಳುಗುತ್ತೆ, ಇಳಿದಾಗ ಮತ್ತೆ ಕಾಣುತ್ತೆ. ದಾಸರ ನೂರಾರು ಪದ ಉಳಿದಿವೆ. ಅವರು ಹಾಡಿದ ಧಾಟಿಗಳಲ್ಲಿ ಹೆಚ್ಚಿನವು ಹೋಗಿಬಿಟ್ಟಿವೆ. ಇವತ್ತು ಕಛೇರಿಯಲ್ಲಿ ನಾವು ಕೇಳೋ ಎಷ್ಟೋ ದೇವರನಾಮಕ್ಕೆ ಆಮೇಲಿನವರು ರಾಗ ಹಾಕಿದ್ದು. ಯಾರೂ ‘ಕೆಡಿಸಿದ್ರು’ ಅನ್ನಲ್ಲ, ಯಾಕಂದ್ರೆ ಹೋಲಿಸೋಕೆ ಹಳೇ ಕ್ಯಾಸೆಟ್ ಇಲ್ಲ. ಕ್ಯಾಸೆಟ್ ಬಂದ ಮೇಲೆ ನಮಗೆ ಒಂದು ಚಟ ಅಂಟ್ಕೊಂಡಿದೆ: ಮೊದಲು ಕೇಳಿದ್ದೇ ಅಸಲಿ.

ಕಾನೂನಿನ ಪ್ರಕಾರ ನೋಡಿದ್ರೂ ಮಜಾ ಇದೆ. ನಮ್ಮ ದೇಶದಲ್ಲಿ ಬರೆದವರು ತೀರಿಕೊಂಡ ಮೇಲೆ 60 ವರ್ಷ ಕಾಪಿರೈಟ್. ಶರೀಫರ ಸಾಹಿತ್ಯ ಎಲ್ಲರದ್ದು, ನಾಳೆ ಕಂಪ್ಲಿಯ ಹುಡುಗಿಯೊಬ್ಬಳು ರ್‍ಯಾಪ್ ಮಾಡಿದ್ರೂ ಕೇಳೋರಿಲ್ಲ. ಆದ್ರೆ 2009ರ ಡಿಸೆಂಬರ್ 29ಕ್ಕೆ ತೀರಿಕೊಂಡ ಅಶ್ವತ್ಥ್ ಅವರ ಧಾಟಿಗೆ ಕಾಪಿರೈಟ್ ಇನ್ನೂ ಜೀವಂತ. ಅಂದ್ರೆ ರಘು ಹಳೇ ಧಾಟಿಯಲ್ಲೇ ಹಾಡಬೇಕಿತ್ತು ಅನ್ನೋರು, ಗೊತ್ತಿಲ್ಲದೇನೇ, ಇನ್ನೊಬ್ಬರ ಮಾಲು ಕೇಳಿ ತಗೋಬೇಕಿತ್ತು ಅಂತಿದ್ರು. ಹೊಸ ಅಂಗಡಿ ತೆಗೆದವನು ಹೊಸ ಮಾಲು ಮಾಡಿದ್ದೇ ಸರಿ ಅಂತ ನನಗನಿಸುತ್ತೆ.

ಹಾಗಂತ ಹಿರಿಯರ ಮಾತನ್ನ ಪೂರ್ತಿ ತಳ್ಳಿಹಾಕೋಕೆ ಮನಸ್ಸಿಲ್ಲ. ‘ಸೋರುತಿಹುದು’ ಕೇಳಿ. ಮಾಳಿಗೆ ಸೋರ್ತಿರೋದು ಅಜ್ಞಾನದಿಂದ, ಸರಿಮಾಡೋಕೆ ಯಾರೂ ಇಲ್ಲ ಅನ್ನೋ ಆತಂಕ ಆ ಪದದ್ದು. ನಮ್ಮ ಕಡೆ ಮಣ್ಣಿನ ಮಾಳಿಗೆಯ ಮನೆಯಲ್ಲಿ ಮಳೆಗಾಲ ಕಳೆದವರಿಗೆ ಅದು ರೂಪಕ ಆಗೋಕೆ ಮುಂಚೆ ಅನುಭವ. ಅಮಾವಾಸ್ಯೆ ರಾತ್ರಿ ಮಠದಲ್ಲಿ ಇದನ್ನ ನಿಧಾನಕ್ಕೆ, ಸಾಲು ಸಾಲಿಗೆ ನಿಲ್ಲಿಸಿ ಹಾಡ್ತಾರೆ, ಅರ್ಥ ಇಳಿಯೋಕೆ ಜಾಗ ಬಿಟ್ಟು. ವೇದಿಕೆಯಲ್ಲಿ ಸಾವಿರಾರು ಜನ ಜಿಗಿಯುವಾಗ ಆ ಜಾಗ ಸಿಗಲ್ಲ. ರಘು ಅವರ ‘ಗುಡುಗುಡಿ’ ನನಗೆ ಪೂರ್ತಿ ಒಪ್ಪಿಗೆ; ‘ಸೋರುತಿಹುದು’ ಮಾತ್ರ ಇವತ್ತಿಗೂ ಭಜನೆಯವರ ಬಾಯಲ್ಲೇ ಇಷ್ಟ.

ಮುಂದಿನದ್ದು ಬೇಗ ಹೇಳ್ತೀನಿ, ನಿಮಗೆ ಗೊತ್ತಿರೋದೇ. ಅದೇ 2008ರಲ್ಲಿ ‘ಸೈಕೋ’ ಸಿನಿಮಾಕ್ಕೆ ರಘು ಸಂಗೀತ ಕೊಟ್ರು. ಮಹದೇಶ್ವರನ ಮೇಲಿನ ಆ ಹಾಡು ಕೇಳದವರಿಲ್ಲ. ಆಲ್ಬಂ ತಲುಪದ ಊರಿಗೆಲ್ಲಾ ಅದು ತಲುಪ್ತು. ಎಷ್ಟೋ ಜನ ಮೊದಲು ಸಿನಿಮಾ ಹಾಡು ಕೇಳಿ, ಆಮೇಲೆ ಹಿಂದಕ್ಕೆ ಹೋಗಿ ಆಲ್ಬಂ ಹುಡುಕಿದ್ದು. ನಾನೂ ಆ ಲಿಸ್ಟಲ್ಲೇ ಇದೀನಿ. 2009ರಲ್ಲಿ ತಮ್ಮ ವಾಸು ದೀಕ್ಷಿತ್ ಹಾಡುವ ಸ್ವರಾತ್ಮ ಬ್ಯಾಂಡಿನ ಮೊದಲ ಆಲ್ಬಂ ಬಂತು, ಒಂದೇ ಮನೆಯಿಂದ ಎರಡು ಅಂಗಡಿ. 2010ರಲ್ಲಿ ಬಿಬಿಸಿಯ ಜೂಲ್ಸ್ ಹಾಲೆಂಡ್ ಕಾರ್ಯಕ್ರಮದಲ್ಲಿ ರಘು ತಂಡ ಹಾಡಿದ ಮೇಲೆ, ಎರಡು ವರ್ಷ ಹಳೆಯದಾಗಿದ್ದ ಆಲ್ಬಂ ಬ್ರಿಟನ್ನಿನ ಐಟ್ಯೂನ್ಸ್ ವರ್ಲ್ಡ್ ಮ್ಯೂಸಿಕ್ ಪಟ್ಟಿಯಲ್ಲಿ ಮೇಲಕ್ಕೆ ಹೋಯ್ತು. 2011ರಲ್ಲಿ ಸಾಂಗ್‌ಲೈನ್ಸ್ ಪತ್ರಿಕೆ ಪ್ರಶಸ್ತಿ ಕೊಡ್ತು. ಯಾವ ವಿಭಾಗದಲ್ಲಿ ಅಂದ್ರೆ, ‘ಅತ್ಯುತ್ತಮ ಹೊಸಬ’. ಹತ್ತು ವರ್ಷದ ಮೇಲೆ ವೇದಿಕೆಯಲ್ಲಿ ಬೆವರು ಸುರಿಸಿದವರಿಗೆ! ಅಂತರಾಗ್ನಿಯ ಹಳೇ ಅಭಿಮಾನಿಗಳು ಅವತ್ತು ನಕ್ಕಿರಬೇಕು, ಇಲ್ಲಾ ಇನ್ನೂ ಸ್ವಲ್ಪ ಬೇಜಾರು ಮಾಡ್ಕೊಂಡಿರಬೇಕು.

ಎರಡನೇ ಆಲ್ಬಂ ‘ಜಗ್ ಚಂಗಾ’ ಬಂದಿದ್ದು 2013ರಲ್ಲಿ, ಅದರಲ್ಲೂ ಶರೀಫರು ಇದ್ದಾರೆ.

ಈ ವಾರ ಒಂದು ಕೆಲಸ ಮಾಡಿ. ‘ಗುಡುಗುಡಿ’ಯನ್ನ ಮೊದಲು ಅಶ್ವತ್ಥ್ ಧಾಟಿಯಲ್ಲಿ ಕೇಳಿ, ಆಮೇಲೆ 2008ರ ಆಲ್ಬಂನಲ್ಲಿ. ಮೂರನೇ ಸಲ ನಿಮ್ಮೂರಿನ ಭಜನೆಯವರ ಹತ್ರ ಹೋಗಿ, ಸಂಡೂರಾಗಲಿ ಕಂಪ್ಲಿಯಾಗಲಿ, ‘ಈ ಪದ ನಿಮ್ಮಲ್ಲಿ ಯಾವ ಧಾಟಿ?’ ಅಂತ ಕೇಳಿ. ಹಾಡಿದ್ರೆ, ಒಪ್ಪಿಗೆ ತಗೊಂಡು, ಫೋನಲ್ಲಿ ರೆಕಾರ್ಡ್ ಮಾಡ್ಕೊಳ್ಳಿ.